ಖಾಲಿ ಉಳಿದ ಎರಡು ಪುಟ

ಲೋಕಸಭೆಯಲ್ಲಿ ಸ್ಪೀಕರ್ "ಕಡತದಿಂದ ತೆಗೆದುಹಾಕಿ" ಎಂದರೆ ಆ ಮಾತು ಎಲ್ಲರ ನೆನಪಿನಿಂದಲೂ ಹೋಗಿಬಿಡುತ್ತಿತ್ತು. ಆಡಿದವರು, ಕೇಳಿದವರು, ಮರುದಿನ ಪತ್ರಿಕೆಯಲ್ಲಿ ಓದಬೇಕಾಗಿದ್ದವರು ಯಾರಿಗೂ ಅದು ಉಳಿಯುತ್ತಿರಲಿಲ್ಲ. ಸದಸ್ಯರು ಒಂದು ಗುಟುಕು ನೀರು ಕುಡಿದು ಮುಂದಿನ ವಿಷಯಕ್ಕೆ ಹೋಗುತ್ತಿದ್ದರು.

ಏಳು ಸಲ ಗೆದ್ದು ಈಗ ನಿವೃತ್ತರಾಗುತ್ತಿದ್ದ ಶಿವಲಿಂಗಪ್ಪ ಬೆನಕಟ್ಟಿಯವರು ಗ್ರಂಥಾಲಯದಲ್ಲಿ ಕುಳಿತು ತಮ್ಮ ಭಾಷಣಗಳ ಸಂಪುಟಗಳನ್ನು ತಿರುವುತ್ತಿದ್ದರು. ಒಂದು ಕಡೆ ಎರಡು ಪುಟ ಖಾಲಿ ಇದ್ದವು. ತಲೆಬರಹ ಮಾತ್ರ ಉಳಿದಿತ್ತು: ಕೆಂಚನದಿನ್ನಿ ಗ್ರಾಮದ ಕುರಿತು, ಆಗಸ್ಟ್ ಹನ್ನೆರಡು.

"ಇದನ್ನ ತೆಗಿಸಿದವರು ಯಾರಬೇ? ಆಗಿನ ಸರ್ಕಾರದವರೇ ಇರಬೇಕು."

ಕಡತ ನೋಡಿಕೊಳ್ಳುವ ಧಾರವಾಡದ ಮೆಹರುನ್ನೀಸಾ ಅಂಚಿನ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟಳು. "ಇಲ್ಲಿ ಬರದೈತ್ರಿ ಸರ. ಸದಸ್ಯರ ಸ್ವಂತ ಕೋರಿಕೆಯ ಮೇರೆಗೆ ಅಂತ."

ಬೆನಕಟ್ಟಿಯವರು ಕನ್ನಡಕ ತೆಗೆದರು. ಆ ವರ್ಷ ಆಗಸ್ಟ್ ಹದಿನಾಲ್ಕಕ್ಕೆ ಅವರು ಪಕ್ಷ ಬಿಟ್ಟು ಅದೇ ಸರ್ಕಾರದಲ್ಲಿ ಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡಿದ್ದರು. ಅದು ಅವರಿಗೆ ಚೆನ್ನಾಗಿ ನೆನಪಿತ್ತು.

ಮರುವರ್ಷದಿಂದ ಪ್ರತಿ ಆಗಸ್ಟ್ ಹನ್ನೆರಡಕ್ಕೆ ಕೆಂಚನದಿನ್ನಿಯ ಜನ ಅವರ ಮನೆಯ ಗೇಟಿನ ಮುಂದೆ ಬಂದು ನಿಲ್ಲುತ್ತಿದ್ದರು. ಯಾಕೆ ಬಂದಿರಿ ಎಂದು ಕೇಳಿದರೆ, "ನಮಗೂ ತಿಳೀವಲ್ದ್ರಿ ಸಾಹೇಬ್ರ, ಕಾಲು ಇತ್ತಾಗ ಬಂದ್ವು" ಎನ್ನುತ್ತಿದ್ದರು. ಮೊದಲು ನಲವತ್ತು ಮಂದಿ ಬರುತ್ತಿದ್ದರು. ಕಳೆದ ವರ್ಷ ಒಬ್ಬಳೇ ಮುದುಕಿ ಬಂದಿದ್ದಳು.

ಅವಳಿಗೂ ಚಹಾ ಕುಡಿಸಿ ಕಳಿಸಿದ್ದರು.