ಹತ್ತಕ್ಕೆ ಎಂಟು

ಕಟಕಟೆಯಲ್ಲಿ ನಿಂತ ಮುದುಕ ತನ್ನ ಗುರುತು ಹಿಡಿದಿದ್ದಾನೆಂದು ಸರ್ಕಾರಿ ವಕೀಲೆಗೆ ಮೊದಲ ದಿನವೇ ತಿಳಿದುಹೋಯಿತು. ಬೇರೆ ಆರೋಪಿಗಳು ಅವಳನ್ನು ಕಂಡರೆ ಮುಖ ಗಂಟಿಕ್ಕುತ್ತಾರೆ. ಇವನು ನಕ್ಕ.

ಅವನು ಗಂಟೆಯಣ್ಣ. ಶಾಲೆಯ ಗಂಟೆ ಬಾರಿಸಿ ಬಾರಿಸಿ ಬಂದ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ ಎಂಬುದು ಆರೋಪಪಟ್ಟಿ ಬಂದ ಮೇಲಷ್ಟೇ ಜನಕ್ಕೆ ಗೊತ್ತಾದದ್ದು. ಮೂವತ್ತು ವರ್ಷದಿಂದ ಒಂದೇ ಶಾಲೆಯಲ್ಲಿ ಜವಾನ. ವಕೀಲೆಯೂ ಅಲ್ಲೇ ಓದಿದವಳು.

ಹತ್ತನೇ ತರಗತಿಯ ಗಣಿತ ಪರೀಕ್ಷೆಯ ಹಿಂದಿನ ದಿನ ಅವನು ಲೆಕ್ಕದಲ್ಲಿ ಹಿಂದಿದ್ದ ಮೂವರು ಹುಡುಗಿಯರಿಗೆ ಒಂದು ಹಾಳೆ ಕೊಟ್ಟಿದ್ದ. ಅದರಲ್ಲಿ ಹತ್ತು ಪ್ರಶ್ನೆ. ಮರುದಿನ ಏಳು ಬಂದವು. ಪ್ರಶ್ನೆಪತ್ರಿಕೆಗಳ ಕಪಾಟಿನ ಬೀಗದ ಕೈ ಇದ್ದದ್ದು ಅವನ ಹತ್ತಿರ. ಇನ್ನೇನು ಬೇಕು? ಕಟ್ಟಿನ ಮೊಹರು ಮಾತ್ರ ಒಡೆದಿರಲಿಲ್ಲ. ಬಿಸಿ ಚಾಕುವಿನಿಂದ ಅರಗನ್ನು ಎಬ್ಬಿಸಿ ಮತ್ತೆ ಕೂರಿಸಬಹುದೆಂದು ವಕೀಲೆ ತಜ್ಞರೊಬ್ಬರ ಬಾಯಿಂದ ಹೇಳಿಸಿದಳು.

ಅವನೇ ಮಾಡಿದ್ದು ಎನ್ನುವುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಪೊಲೀಸರಿಗೂ ಗೊತ್ತಿರಲಿಲ್ಲ.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಪೂರ್ವಸಿದ್ಧತಾ ಪರೀಕ್ಷೆಯ ಗಣಿತದಲ್ಲಿ ಅವಳು ಸೊನ್ನೆಗೆ ಹತ್ತಿರದ ಅಂಕ ತೆಗೆದಿದ್ದಳು. ಊಟ ಸೇರುತ್ತಿರಲಿಲ್ಲ, ಗೊತ್ತಿದ್ದ ಲೆಕ್ಕವೂ ತಪ್ಪುತ್ತಿತ್ತು. ಪರೀಕ್ಷೆಯ ಹಿಂದಿನ ದಿನ ಕಿಟಕಿಯಿಂದ ನೋಡುತ್ತಾಳೆ, ಗೇಟಿನ ಬಳಿ ಗಂಟೆಯಣ್ಣ ಸೈಕಲ್ ನಿಲ್ಲಿಸಿ ಆಗಷ್ಟೇ ಕಚೇರಿಯಿಂದ ಬಂದ ತಾಯಿಯ ಕೈಗೆ ಒಂದು ಲಕೋಟೆ ಕೊಡುತ್ತಿದ್ದಾನೆ. ಸ್ವಲ್ಪ ಹೊತ್ತಿಗೆ ತಾಯಿ ಒಳಗೆ ಬಂದು, ಟೈಪು ಮಾಡಿದ ಹಾಳೆಯೊಂದನ್ನು ಮೇಜಿನ ಮೇಲಿಟ್ಟಳು.

"ಇದಿಷ್ಟು ಮಾಡ್ಕೊ ಸಾಕು. ಎಲ್ಲಿಂದ ಬಂತು ಅಂತ ಮಾತ್ರ ಕೇಳ್ಬೇಡ."

ಅವಳು ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತಿತ್ತಲ್ಲ! ಹತ್ತು ಪ್ರಶ್ನೆಯಲ್ಲಿ ಎಂಟು ಬಂದವು. ಮೊದಲ ದರ್ಜೆ, ಕಾನೂನು ಕಾಲೇಜು, ಕರಿ ಕೋಟು, ಎಲ್ಲವೂ ಆ ಹಾಳೆಯ ಬೆನ್ನ ಹಿಂದೆಯೇ ಬಂದವು. ಯಾರಾದರೂ ಅವಳ ಜಾಣತನ ಹೊಗಳಿದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಕಳ್ಳಿ, ಎಂದು ಒಳಗಿನಿಂದ ಯಾರೋ ಕರೆಯುತ್ತಾರೆ.

ಈ ಕೇಸನ್ನು ಅವಳು ಬೇರೆಯವರಿಗೆ ವಹಿಸಬೇಕಿತ್ತು. ವಹಿಸಲು ಕಾರಣ ಬರೆಯಬೇಕು. ಏನೆಂದು ಬರೆಯುವುದು? ಕಡತವನ್ನು ತನ್ನಲ್ಲೇ ಇಟ್ಟುಕೊಂಡಳು. ಮನೆಯಲ್ಲಿ ಇದರ ಸುದ್ದಿಯನ್ನೇ ಎತ್ತಲಿಲ್ಲ.

ಎರಡನೆಯ ವಿಚಾರಣೆಯ ದಿನ ಮೊಗಸಾಲೆಯಲ್ಲಿ ಅವನೇ ಮಾತಾಡಿಸಿದ.

"ನಿಮ್ಮನೆಗೆ ಒಂದ್ಸಲ ಬಂದಿದ್ದೆ ಮೇಡಂ, ನೆನಪಿದ್ಯಾ? ಪರೀಕ್ಷೆ ಹಿಂದಿನ ದಿನ. ನಿಮ್ಮ ತಾಯಿಯೋರ ಕೈಗೇ ಕೊಟ್ಟು ಬಂದೆ."

ಯಾರಾದರೂ ಕೇಳಿಸಿಕೊಂಡರೇನೋ ಎಂದು ಅವಳು ಸುತ್ತ ನೋಡಿದಳು.

"ಹೆದರ್ಕೋಬೇಡಿ," ಮುದುಕ ದನಿ ತಗ್ಗಿಸಿದ. "ಅವತ್ತೂ ಹೆಡ್‌ಮಾಸ್ಟ್ರಿಗೆ ಹೇಳ್ಲಿಲ್ಲ. ಇವತ್ತೂ ಯಾರಿಗೂ ಹೇಳಲ್ಲ."

ಎಂಥ ನಯವಾದ ಬೆದರಿಕೆ! ಅಂದಿನಿಂದ ಅವಳು ಅವನ ಬೆನ್ನು ಬಿಡಲಿಲ್ಲ. ಅವನು ಬಾಯಿ ಬಿಡುವ ಮೊದಲೇ ಅವನ ಮಾತಿಗೆ ಬೆಲೆ ಇಲ್ಲದಂತೆ ಮಾಡಬೇಕಿತ್ತು. ಹಾಗೆ ಮಾಡುತ್ತಿರುವುದಕ್ಕೆ ನಾಚಿಕೆಯೂ ಆಗುತ್ತಿತ್ತು. ನಾಚಿಕೆ ಹೆಚ್ಚಾದಷ್ಟೂ ದನಿ ಏರುತ್ತಿತ್ತು.

ಪಾಟೀಸವಾಲಿನಲ್ಲಿ ಗಂಟೆಯಣ್ಣ ಹಿಡಿದದ್ದು ಒಂದೇ ಹಟ. "ಹಳೇ ಪೇಪರೆಲ್ಲ ಕಟ್ಟು ಕಟ್ಟಿ ಇಡೋನು ನಾನೇ ಸ್ವಾಮಿ. ಹತ್ತು ವರ್ಷದ್ದು ಹರಡ್ಕೊಂಡು ಕೂತೆ. ಯಾವ್ದು ಮತ್ತೆ ಮತ್ತೆ ಬಂದಿತ್ತೋ ಅದನ್ನ ಎತ್ತಿ ಬರ್ದೆ. ಪಾಪ, ಮಕ್ಕಳು ಹೆದರಿದ್ವು."

"ಏಳನೇ ಕ್ಲಾಸಿಗೇ ಶಾಲೆ ಬಿಟ್ಟೋರು ನೀವು," ಎಂದಳು ವಕೀಲೆ. "ಹಳೇ ಪೇಪರ್ ಎಣಿಸಿ ಹತ್ತಕ್ಕೆ ಏಳು ಹೊಡೆದ್ರಾ? ನಮ್ಮ ಗಣಿತದ ಮೇಷ್ಟ್ರುಗಳಿಗೂ ಸ್ವಲ್ಪ ಹೇಳ್ಕೊಡಿ."

ಕೋರ್ಟು ಗೊಳ್ಳೆಂದು ನಕ್ಕಿತು. ನಗದಿದ್ದವರು ಇಬ್ಬರು. ಒಬ್ಬ ಗಂಟೆಯಣ್ಣ, ಇನ್ನೊಬ್ಬಳು ಹಿಂದಿನ ಬೆಂಚಿನಲ್ಲಿದ್ದ ಅವನ ಹೆಂಡತಿ.

ನ್ಯಾಯಾಧೀಶರಿಗೆ ಮೊಹರಿನ ವಿಷಯದಲ್ಲಿ ಕೊನೆಯವರೆಗೂ ಅಳುಕಿತ್ತು. ಅಳುಕನ್ನು ಕಳೆದವಳು ಅವಳೇ. "ಇಂಥದ್ದು ಊಹೆಯಿಂದ ಆಗುವ ಕೆಲಸವಲ್ಲ" ಎಂದು ಅವಳು ಹೇಳಿದ ರೀತಿಯಲ್ಲಿ, ಕಣ್ಣಾರೆ ಕಂಡವರ ನಿಶ್ಚಯವಿತ್ತು.

ಮೂರು ವರ್ಷ ಸಜೆಯಾಯಿತು.

ಗಂಟೆಯಣ್ಣ ಬಾಯಿ ಬಿಡಲಿಲ್ಲ. ಅವಳತ್ತ ತಿರುಗಿ ಕೈಮುಗಿದು, ಪೊಲೀಸರ ಜೊತೆ ಮೆಟ್ಟಿಲಿಳಿದು ಹೋದ. ಆ ನಮಸ್ಕಾರ ಅವಳನ್ನು ಸುಟ್ಟಿತು. ಒಂದೇ ತಪ್ಪು ಮಾಡಿದ ಇಬ್ಬರಲ್ಲಿ ಒಬ್ಬ ಜೈಲಿಗೆ, ಇನ್ನೊಬ್ಬಳು ಸರ್ಕಾರಿ ಕಾರಿನಲ್ಲಿ ಮನೆಗೆ.

ತಾಯಿ ವರಾಂಡದಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದಳು. ವಕೀಲೆ ಕೋಟು ಬಿಚ್ಚದೆ ಎದುರಿಗೆ ಕುಳಿತಳು. ಇನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗುವುದಿಲ್ಲ.

"ಅಮ್ಮಾ, ಗಂಟೆಯಣ್ಣನಿಗೆ ಮೂರು ವರ್ಷ ಆಯ್ತು. ನಾನೇ ಮಾಡಿಸ್ದೆ."

"ಅಯ್ಯೋ, ಯಾಕೇ? ಅಂಥ ಒಳ್ಳೆ ಮನುಷ್ಯನ್ನ!" ತಾಯಿಯ ಕೈ ನಿಂತಿತು. "ನೀನು ಶಾಲೇಲಿ ಮರೆತು ಬಂದಿದ್ದ ಹಾಲ್ ಟಿಕೆಟ್ನ ಅಷ್ಟು ದೂರ ಸೈಕಲ್ ತುಳ್ಕೊಂಡು ಬಂದು ಕೊಟ್ಟೋನು. ನೀನು ಗಾಬರಿ ಆಗ್ತೀಯ ಅಂತ ನಾನು ಸುಮ್ನೆ ನಿನ್ನ ಕಂಪಾಸ್ ಡಬ್ಬಿಗೆ ಸೇರಿಸ್ದೆ."

"ಹಾಲ್ ಟಿಕೆಟ್ಟಾ?" ಅವಳು ಎದ್ದು ನಿಂತಳು. "ಹಾಗಾದ್ರೆ ಆ ಪ್ರಶ್ನೆಗಳ ಹಾಳೆ?"

"ಅದಾ? ಹಳೇ ಪೇಪರೆಲ್ಲ ಆಫೀಸಿಗೆ ತಗೊಂಡ್ಹೋಗಿ, ಯಾವ್ದು ಮತ್ತೆ ಮತ್ತೆ ಬಂದಿದೆ ಅಂತ ಎಣಿಸಿ ನಾನೇ ಟೈಪ್ ಮಾಡಿದ್ದು ಕಣೇ, ಕದ್ದ ಪೇಪರ್ ಅಂದ್ಕೊಂಡ್ರಾದ್ರೂ ನಿನಗೆ ಧೈರ್ಯ ಬರ್ಲಿ ಅಂತ."