ಎಡ ತಿರುವಿನ ಲೈಟು

ಹಳೇ ಕಾರಿನ ಹೆಡ್‌ಲೈಟು ಒಡೆದಾಗ ಗಂಡ ಗುಜರಿಯಿಂದ ಬೇರೆ ಮಾಡೆಲಿನ ಜೋಡಿ ತಂದು, ತಾನೇ ವೈರು ಸೇರಿಸಿ ಕೂರಿಸಿದ. ಅಂದಿನಿಂದ ಹೆಂಡತಿಯ ಹೊಟ್ಟೆಯಲ್ಲಿ ಕೆಂಡ. ಸಂಜೆ ಮನೆಗೆ ಬರುವಾಗ ಕಾರು ಟೈಲರಮ್ಮನ ಮನೆ ಮೂಲೆಯಲ್ಲಿ ಎಡಕ್ಕೆ ತಿರುಗುತ್ತಲೇ ಹೆಡ್‌ಲೈಟು ಪಳಪಳ ಮಿಟುಕುತ್ತಿತ್ತು. ಆ ಮನೆಯ ಕಿಟಕಿ ತೆರೆಯುತ್ತಿತ್ತು. ತಮ್ಮ ಮನೆಯ ಗೇಟಿನಲ್ಲಿ ನಿಂತ ಹೆಂಡತಿಗೆ ಎರಡೂ ಕಾಣುತ್ತಿದ್ದವು.

"ರೀ, ಅವಳಿಗ್ಯಾಕೆ ಲೈಟ್ ಹೊಡೀತೀರಿ?"

"ನಾನೆಲ್ಲಿ ಹೊಡೀತೀನಿ? ಅದು ತಾನಾಗೇ ಹೊಡ್ಕೊಳ್ಳುತ್ತೆ ಕಣೇ."

"ಓಹೋ, ಕಾರಿಗೂ ಅವಳ ಮೇಲೆ ಕಣ್ಣೋ?"

"ಬಿಡ್ತು ಅನ್ನು! ಬೀದಿಯೋರ ಮುಂದೆಲ್ಲ ಬಾಯ್ತುಂಬ ಅಣ್ಣಾ ಅಂತಾಳೆ ಆಯಮ್ಮ."

ಅವಳು ಮಾತು ಬಿಟ್ಟಳು. ಕೊನೆಗೆ ತಡೆಯಲಾರದೆ ತಾನೇ ಕಾರನ್ನು ಗ್ಯಾರೇಜಿಗೆ ಒಯ್ದಳು. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ ನಕ್ಕ.

"ಯಾರಕ್ಕಾ ಈ ವೈರಿಂಗ್ ಮಾಡಿದ್ದು? ಬೇರೆ ಮಾಡೆಲ್ ಲೈಟಿಗೆ ವೈರಿನ ಬಣ್ಣ ಹೊಂದಲ್ಲ. ಇಂಡಿಕೇಟರ್ ವೈರು ಹೋಗಿ ಹೆಡ್‌ಲೈಟಿನ ಬ್ರೈಟಿಗೆ ಸೇರ್ಕೊಂಡಿದೆ. ಎಡಕ್ಕೆ ಇಂಡಿಕೇಟರ್ ಹಾಕಿದಾಗೆಲ್ಲ ಕಾರೇ ಕಣ್ಣು ಹೊಡೆಯುತ್ತೆ!"

ಅವನು ವೈರು ಬದಲಿಸಿ ಸರಿಮಾಡಿಕೊಟ್ಟ. ಅವಳ ಎದೆ ಹಗುರಾಯಿತು. ಸುಮ್ಮಸುಮ್ಮನೆ ಅನುಮಾನಪಟ್ಟೆನಲ್ಲ ಎಂದು ನಾಚಿ, ಬರುವ ದಾರಿಯಲ್ಲಿ ಗಂಡನಿಗೆ ಇಷ್ಟವೆಂದು ಮದ್ದೂರು ವಡೆ ಕಟ್ಟಿಸಿಕೊಂಡಳು. ಮಬ್ಬುಗತ್ತಲಲ್ಲಿ ಅದೇ ಮೂಲೆಗೆ ಬಂದು ಇಂಡಿಕೇಟರ್ ಹಾಕಿ ಎಡಕ್ಕೆ ತಿರುಗಿಸಿದಳು. ಹೆಡ್‌ಲೈಟು ಮಿಟುಕಲಿಲ್ಲ. ಕಿಟಕಿ ಮಾತ್ರ ತೆರೆಯಿತು. ಕಾರಿನೊಳಗೆ ಯಾರೆಂದು ಕಾಣದೆ, ಟೈಲರಮ್ಮ ಮೆಲ್ಲಗೆ ಕೂಗಿದಳು:

"ರೀ, ಇವತ್ಯಾಕೆ ಲೈಟ್ ಹೊಡೀಲೇ ಇಲ್ಲ?"