ಬೊಲಿವಿಯಾದ ಎಂಟು ದಿಕ್ಕುಗಳು

“ಸುರ್ ಕಡೆ ತಲಿ, ನೋರ್ತೆ ಕಡೆ ಕಾಲು. ಬರೋಬ್ಬರಿ ಅದ ಏನು?”

ಗೌರಮ್ಮ ಕೇಳಿದರು. ಸುಲೋಚನಾ ತಲೆಯಾಡಿಸಿದಳು. ಅತ್ತೆ ತಪ್ಪಿಲ್ಲದೆ ಹೇಳಿದಷ್ಟೂ ಬೊಲಿವಿಯಾ ಅವಳಿಗೆ ಹತ್ತಿರವಾಗುತ್ತಿತ್ತು.

ಅದು ೧೯೬೩. ಅಹಮದಾಬಾದಿನ ಸಂಶೋಧನಾಲಯದವರು ಅವಳ ಗಂಡ ಶ್ರೀಪಾದನನ್ನು ಎರಡು ವರ್ಷ ಆ ಬೆಟ್ಟದ ನಾಡಿಗೆ ಕಳಿಸುವವರಿದ್ದರು. ಮನೆಯವರಲ್ಲಿ ಇನ್ನೊಬ್ಬರಿಗೂ ಟಿಕೆಟ್. ಮಣಿನಗರದ ಆ ಎರಡು ಕೋಣೆಯ ಮನೆಯಲ್ಲಿ ಸುಲೋಚನಾ ಗಂಡನೊಡನೆ ಅತ್ತೆಯ ಕಿವಿಗೆ ಬೀಳದ ಒಂದು ಮಾತನ್ನೂ ಆಡಿದವಳಲ್ಲ. ಆ ಟಿಕೆಟ್ ಅವಳಿಗೆ ಬೇಕೇ ಬೇಕಿತ್ತು.

ಅಡ್ಡಿ ಒಂದೇ. “ದಿಕ್ಕು ತಿಳೀಲಾರದ ಊರಾಗ ಉತ್ತರಕ್ಕ ತಲಿ ಇಟ್ಟು ಸಾಯೂದು ಬ್ಯಾಡ,” ಎಂದು ಗೌರಮ್ಮ ಹಟ ಹಿಡಿದಿದ್ದರು. ಅಲ್ಲಿಯವರದು ಸ್ಪ್ಯಾನಿಷ್, ಉತ್ತರ ಯಾವುದೆಂದು ಕೇಳುವುದಾದರೂ ಹೇಗೆ? ತಾಯಿ ಹೂಂ ಅನ್ನದೆ ಶ್ರೀಪಾದ ಚಹಾಕ್ಕೆ ಸಕ್ಕರೆಯನ್ನೂ ಹಾಕಿಕೊಳ್ಳುವವನಲ್ಲ.

ಸುಲೋಚನಾ ಗಂಡನ ದಿಕ್ಸೂಚಿಯನ್ನು ಮುಂದಿಟ್ಟುಕೊಂಡು ಕೂತಳು. ನಾರ್ತ್, ಸೌತ್, ಈಸ್ಟ್, ವೆಸ್ಟ್. ಒಂದೊಂದನ್ನೂ ನಿಘಂಟಿನಲ್ಲಿ ಹುಡುಕಿದಳು. ನೋರ್ತೆ, ಸುರ್, ಎಸ್ತೆ, ಒಎಸ್ತೆ.

“ದೇವರ ಮನಿ ಈಶಾನ್ಯಕ್ಕ, ಒಲಿ ಆಗ್ನೇಯಕ್ಕ. ಅವಕ್ಕೇನಂತಾರ?”

“ನೋರೆಸ್ತೆ, ಸುರೆಸ್ತೆ, ಅತ್ತಿ.”

ದೀಪ ಹಚ್ಚಿದ ಮೇಲೆ ಎಂಟೂ ದಿಕ್ಕುಗಳ ಪಾರಾಯಣ ಶುರುವಾಯಿತು. ಪಕ್ಕದ ಮನೆಯ ಕಾಂತಾಬೆನ್ ಅದನ್ನು ಕರ್ನಾಟಕದ ಮಂತ್ರವೆಂದೇ ತಿಳಿದು ಮಂಡಿನೋವಿಗೆ ಜಪಿಸತೊಡಗಿದಳು. “ಆಕಿಗೆ ನೋವು ಇಳೀತಂತ,” ಎಂದು ಗೌರಮ್ಮ ಬೀಗಿದರು.

ಶ್ರೀಪಾದ ಮಾತ್ರ ಎಸ್ತೆ, ಒಎಸ್ತೆ ಅದಲುಬದಲು ಮಾಡುತ್ತಿದ್ದ.

“ದಡ್ಡ! ನಿನ್ನ ನಂಬಿ ಹೋದವರು ಕೆಟ್ಟರು!”

ಸುಲೋಚನಾಗೆ ಒಳಗೊಳಗೇ ಖುಷಿ. ಗಂಡ ದಡ್ಡನಾದಷ್ಟೂ ಜೊತೆಗೆ ಒಬ್ಬಳು ಬೇಕೇ ಬೇಕಲ್ಲ.

ಗೌರಮ್ಮ ಉಣ್ಣೆಯ ಕಾಲುಚೀಲ ಹೆಣೆದರು. “ಅಲ್ಲಿ ಥಂಡಿ ಭಾಳಂತ.” ಸುಲೋಚನಾ ಆಸೆಯಿಂದ ಹಾಕಿ ನೋಡಿದಳು, ಹಿಮ್ಮಡಿ ಹಿಡಿಸಲಿಲ್ಲ. “ಇರ್ಲಿ ಬಿಡು,” ಎಂದು ಅತ್ತೆ ಎತ್ತಿಟ್ಟರು. ಒಂದು ಮಧ್ಯಾಹ್ನ ಮಗನೊಡನೆ ಸ್ಟುಡಿಯೋಗೂ ಹೋಗಿ ಬಂದರು. ದೂರದೇಶದಲ್ಲಿ ತಾಯಿಯ ಒಂದು ಫೋಟೋ ಇರಬೇಕೆಂದು ಇವರಿಗೂ ಆಸೆಯಾಗಿರಬೇಕು ಎಂದುಕೊಂಡು, ಸುಲೋಚನಾ ಮೊದಲ ಬಾರಿಗೆ ಅತ್ತೆಗಾಗಿ ಮರುಗಿದಳು.

ಕೊನೆಗೆ ಗೌರಮ್ಮ ಎಂಟೂ ದಿಕ್ಕುಗಳನ್ನು ಹಿಂದುಮುಂದಾಗಿಯೂ ಒಪ್ಪಿಸಿದರು.

“ನನ್ನ ಅಂಜಿಕಿ ಹೋತು. ಬೊಲಿವಿಯಾಕ್ಕ ನನ್ನ ಒಪ್ಪಿಗಿ ಅದ.”

ಶ್ರೀಪಾದ ಯಾಕೋ ಕಿಟಕಿಯಾಚೆ ನೋಡುತ್ತಿದ್ದ. ಸುಲೋಚನಾ ಕಣ್ಣೀರಿಡುತ್ತ ಅತ್ತೆಯ ಕಾಲಿಗೆರಗಿದಳು. ಗೌರಮ್ಮ ಅವಳ ತಲೆ ಸವರಿದರು.

“ಏಳು ನನ್ನವ್ವ. ನಾನೂ ಶ್ರೀಪಾದನೂ ತಿರುಗಿ ಬರೂತನಕ ಮನಿ ಕಡೆ ಲಕ್ಷ್ಯ ಇರ್ಲಿ.”